ತಣ್ಣೀರಿಗೆ ಬಿದ್ದ ಮೊದಲ ನಿಮಿಷ: ಕಯಾಕ್‌ನಲ್ಲಿ ಗಾಳ ಹಾಕುವವರು ತಿಳಿದಿರಬೇಕಾದದ್ದು

ಚಳಿಗಾಲ ಕಳೆದು ಮೊದಲ ಬಿಸಿಲು ಬಿದ್ದ ದಿನ. ಗಾಳಿಯಿಲ್ಲ, ನೀರು ಕನ್ನಡಿಯಂತೆ ಮಲಗಿದೆ. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಕಯಾಕ್ ಹೊರಬರುತ್ತದೆ. ಗಾಳದ ಕೋಲು, ಎರೆಯ ಡಬ್ಬಿ, ಕೈಬಲೆ, ಇಕ್ಕಳ, ಫ್ಲಾಸ್ಕು ಎಲ್ಲವೂ ಅದಕ್ಕೇರುತ್ತವೆ. ಮೈಮೇಲೆ ಟೀ ಶರ್ಟು, ಅದರ ಮೇಲೊಂದು ತೆಳು ಜಾಕೆಟ್. ಲೈಫ್ ಜಾಕೆಟ್ಟೂ ಇದೆ, ಆದರೆ ಸೀಟಿನ ಹಿಂದೆ. ಎದುರಿಗೆ ಕೂರಿಸಿದ ಫಿಶ್ ಫೈಂಡರ್ ನೀರಿನ ಆಳ, ತಳದ ಏರಿಳಿತ, ಮೀನಿನ ಗುರುತು ಎಲ್ಲವನ್ನೂ ತೋರಿಸುತ್ತಿದೆ. ಪರದೆಯ ಮೂಲೆಯಲ್ಲಿ ಚಿಕ್ಕದಾಗಿ ಇನ್ನೊಂದು ಅಂಕಿ: 9 ಡಿಗ್ರಿ. ಅದು ನೀರಿನ ಉಷ್ಣತೆ. ಮೀನು ಎಷ್ಟು ಆಳದಲ್ಲಿರಬಹುದೆಂದು ಊಹಿಸಲು ಎಲ್ಲರೂ ಆ ಅಂಕಿ ನೋಡುತ್ತಾರೆ. ಆ ನೀರಿಗೆ ತಾವೇ ಬಿದ್ದರೆ ಏನಾದೀತು ಎಂದು ಲೆಕ್ಕ ಹಾಕಲು ನೋಡುವವರು ಕಡಿಮೆ.

ಅಗಲವಾದ, ಮೇಲೆ ಕೂತು ಹೋಗುವ ಪ್ಲಾಸ್ಟಿಕ್ ಕಯಾಕ್‌ಗಳು ಬಂದ ಮೇಲೆ ದೋಣಿಯ ಗಂಧಗಾಳಿ ಇಲ್ಲದವರೂ ಗಾಳ ಹಿಡಿದು ನೀರಿಗಿಳಿಯುವುದು ಸುಲಭವಾಗಿದೆ. ದೋಣಿ ನಡೆಸುವುದು ಒಂದು ಮಧ್ಯಾಹ್ನದಲ್ಲಿ ಕೈಹಿಡಿಯುತ್ತದೆ. ತಣ್ಣೀರು ಮೈಗೆ ಏನು ಮಾಡುತ್ತದೆ ಎಂಬುದು ಮಾತ್ರ ಬೀಳುವವರೆಗೆ ಗೊತ್ತಾಗುವುದಿಲ್ಲ.

ಬಿಸಿಲಿಗೆ ಮೋಸ ಹೋಗುವುದು ಯಾಕೆ?

ಗಾಳಿ ಬೇಗ ಕಾಯುತ್ತದೆ, ನೀರು ನಿಧಾನ. ಒಲೆಯ ಮೇಲೆ ಖಾಲಿ ಪಾತ್ರೆ ಇಟ್ಟರೆ ಕ್ಷಣದಲ್ಲಿ ಕೈ ಸುಡುತ್ತದೆ. ಅದೇ ಪಾತ್ರೆಯ ತುಂಬ ನೀರಿಟ್ಟರೆ ಕಾಯುತ್ತಾ ನಿಲ್ಲಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾಗುವ ಶಾಖ, ಅಷ್ಟೇ ಗಾತ್ರದ ಗಾಳಿಗೆ ಬೇಕಾಗುವುದಕ್ಕಿಂತ 3,000 ಪಟ್ಟಿಗೂ ಹೆಚ್ಚು. ಹಾಗಾಗಿ ಒಂದು ವಾರದ ಬಿಸಿಲು ನಮ್ಮ ಸ್ವೆಟರ್ ತೆಗೆಸುತ್ತದೆ, ಸರೋವರವನ್ನು ಕದಲಿಸುವುದಿಲ್ಲ. ಉತ್ತರ ಗೋಳಾರ್ಧದ ಹೆಚ್ಚಿನ ಕಡಲುಗಳಲ್ಲಿ ನೀರು ಅತಿ ತಣ್ಣಗಿರುವುದು ಡಿಸೆಂಬರಿನ ನಡುಚಳಿಯಲ್ಲಲ್ಲ, ಫೆಬ್ರುವರಿ–ಮಾರ್ಚ್‌ನಲ್ಲಿ. ಜನ ಮನೆಯಿಂದ ಹೊರಬೀಳುವ ಹೊತ್ತೂ ಅದೇ.

ಇನ್ನೊಂದು ಮೋಸವಿದೆ. ದಡದಿಂದ ಆಚೆಗೆ ಬೀಸುವ ಗಾಳಿ ಮೇಲ್ಪದರದ ಬೆಚ್ಚಗಿನ ನೀರನ್ನು ದೂರ ತಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ನಿನ್ನೆ ಮಕ್ಕಳು ಆಡಿದ ನೀರು ಇವತ್ತು ಹಾಗೆಯೇ ಇರಬೇಕೆಂದಿಲ್ಲ. ಅಂದಾಜು ಬೇಡ, ಅಳತೆ ನೋಡಿ. ಯಂತ್ರವಿಲ್ಲದಿದ್ದರೆ ದಾರಕ್ಕೆ ಕಟ್ಟಿದ ಒಂದು ಸಾದಾ ಥರ್ಮಾಮೀಟರ್ ಸಾಕು.

ಎಷ್ಟಿದ್ದರೆ ಅದು ತಣ್ಣೀರು?

ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನದನ್ನು ತಣ್ಣೀರು ಎನ್ನುತ್ತಾರೆ. ಆದರೆ 21 ಡಿಗ್ರಿಗಿಂತ ಕೆಳಗೆ ಹೋದರೇ ಎಚ್ಚರ ಬೇಕು ಎನ್ನುವ ಸುರಕ್ಷತಾ ತರಬೇತಿದಾರರಿದ್ದಾರೆ, ಅವರ ಮಾತಿನಲ್ಲಿ ಅತಿರೇಕವಿಲ್ಲ. ಸ್ಪರ್ಧೆಯ ಈಜುಕೊಳಗಳ ನೀರು 25ರಿಂದ 28 ಡಿಗ್ರಿ ಇರುತ್ತದೆ, ಅದಕ್ಕೇ ಇಳಿಯುವಾಗ ಮೈ ಜುಮ್ಮೆನ್ನುತ್ತದೆ. ಏನೂ ಮಾಡದೆ ಸುಮ್ಮನೆ ತೇಲುತ್ತಿದ್ದರೂ ಮೈಶಾಖ ಸೋರಿಹೋಗಬಾರದೆಂದರೆ ನೀರು ಸುಮಾರು 33ರಿಂದ 35 ಡಿಗ್ರಿ ಇರಬೇಕು.

ಇಷ್ಟು ವ್ಯತ್ಯಾಸ ಯಾಕೆಂದರೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ಒಂದೇ ಕೋಣೆಯಲ್ಲಿರುವ ಮರದ ಹಿಡಿ ಮತ್ತು ಉಕ್ಕಿನ ಸೌಟು ಎರಡರ ಉಷ್ಣತೆಯೂ ಒಂದೇ, ಆದರೂ ಮುಟ್ಟಿದರೆ ಸೌಟೇ ತಣ್ಣಗೆ. ಅದು ಕೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಅಷ್ಟೇ. ನೀರು ಮಾಡುವುದೂ ಇದನ್ನೇ, ಇಡೀ ಮೈಗೆ ಒಮ್ಮೆಲೇ.

ಮಂಜುಗಡ್ಡೆ ತೇಲುತ್ತಿದ್ದರೆ ಮಾತ್ರ ಅಪಾಯ ಎಂಬ ನಂಬಿಕೆಯೂ ತಪ್ಪು. ಬಿದ್ದ ತಕ್ಷಣ ಉಸಿರಿಗೆ ಆಗುವ ಆಘಾತ 10ರಿಂದ 15 ಡಿಗ್ರಿಯ ನೀರಿನಲ್ಲೇ ಹೆಚ್ಚುಕಡಿಮೆ ತುತ್ತತುದಿ ಮುಟ್ಟಿರುತ್ತದೆ. ನೀರು ಇನ್ನೂ ತಣ್ಣಗಾದರೆ ಮುಂದಿನ ಹಂತಗಳು ಬೇಗ ಬರುತ್ತವೆ, ಆದರೆ ಮೊದಲ ನಿಮಿಷದ ಕಥೆ ಬದಲಾಗುವುದಿಲ್ಲ.

ಒಂದು, ಹತ್ತು, ಒಂದು

ತಣ್ಣೀರಿಗೆ ಬಿದ್ದವರು ಮೈ ಹೆಪ್ಪುಗಟ್ಟಿ ಸಾಯುತ್ತಾರೆ ಎಂದೇ ಬಹಳ ಜನ ತಿಳಿದಿದ್ದಾರೆ. ಹೆಚ್ಚಿನವರ ವಿಷಯದಲ್ಲಿ ಅಷ್ಟು ಹೊತ್ತು ಹಿಡಿಯುವುದೇ ಇಲ್ಲ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ತಾವೇ ಹಿಮದ ನೀರಿಗಿಳಿದು ಪ್ರಯೋಗ ಮಾಡಿದ ವಿಜ್ಞಾನಿ. ಅವರು ಇದನ್ನು ನೆನಪಿನಲ್ಲಿ ನಿಲ್ಲುವಂತೆ ಮೂರು ಅಂಕಿಗಳಲ್ಲಿ ಹೇಳಿದ್ದಾರೆ: 1–10–1. ಉಸಿರನ್ನು ಹತೋಟಿಗೆ ತರಲು ಒಂದು ನಿಮಿಷ. ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು ಹತ್ತು ನಿಮಿಷ. ಮೈ ತಣ್ಣಗಾಗಿ ಎಚ್ಚರ ತಪ್ಪಲು ಸುಮಾರು ಒಂದು ಗಂಟೆ. ನೀರಿನ ಉಷ್ಣತೆ, ಮೈಯ ಗಾತ್ರ, ತೊಟ್ಟ ಬಟ್ಟೆಗೆ ತಕ್ಕಂತೆ ಅಂಕಿಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಈ ಅನುಕ್ರಮ ಮಾತ್ರ ಯಾರಿಗೂ ತಪ್ಪಿದ್ದಲ್ಲ.

ಮೊದಲ ನಿಮಿಷ: ಉಸಿರು

ನಿರೀಕ್ಷೆಯೇ ಇಲ್ಲದಾಗ ಯಾರೋ ಬೆನ್ನ ಮೇಲೆ ಒಂದು ತಂಬಿಗೆ ತಣ್ಣೀರು ಸುರಿದರೆ ಏನಾಗುತ್ತದೆ? ಬಾಯಿ ತೆರೆದು 'ಹಾ' ಎಂದು ಗಾಳಿ ಎಳೆದುಕೊಳ್ಳುತ್ತೇವೆ. ಅದನ್ನು ನಾವು ಮಾಡುವುದಲ್ಲ, ಅದು ತಾನೇ ಆಗುವುದು. ಚರ್ಮದಡಿಯ ಚಳಿ ಗ್ರಹಿಸುವ ನರತುದಿಗಳು ಒಮ್ಮೆಗೇ ಕೂಗಿಕೊಂಡಾಗ ಮೆದುಳು ಕೊಡುವ ಉತ್ತರವದು.

ಆ ಒಂದು ಏದುಸಿರಿನಲ್ಲಿ ಎರಡು–ಮೂರು ಲೀಟರ್ ಗಾಳಿ ಒಳಗೆ ಹೋಗಬಹುದು. ತಲೆ ಆ ಕ್ಷಣ ನೀರಿನಡಿ ಇದ್ದರೆ ಗಾಳಿಯ ಬದಲು ನೀರು. ದೊಡ್ಡ ಮೈಕಟ್ಟಿನ ಮನುಷ್ಯನ ಶ್ವಾಸಕೋಶಕ್ಕೂ ಒಂದೂವರೆ ಲೀಟರಿನಷ್ಟು ಉಪ್ಪುನೀರು ಹೊಕ್ಕರೆ ಪ್ರಾಣಕ್ಕೆ ಕುತ್ತು. ಒಂದು ಉಸಿರು ಸಾಕಾಗುತ್ತದೆ ಎಂದು ಹೇಳುವುದು ಹೆದರಿಸಲಿಕ್ಕಲ್ಲ, ಲೆಕ್ಕವೇ ಹಾಗಿದೆ.

ಏದುಸಿರಿನ ಹಿಂದೆಯೇ ತಡೆಯಿಲ್ಲದ ದಾಪುಸಿರು. ಒಣನೆಲದ ಮೇಲೆ ಒಂದು ನಿಮಿಷ ಉಸಿರು ಬಿಗಿಹಿಡಿಯಬಲ್ಲವರು ತಣ್ಣೀರಿನಲ್ಲಿ ಹತ್ತು ಸೆಕೆಂಡೂ ಹಿಡಿಯಲಾರರು. ಕಯಾಕ್ ಕವುಚಿ, ಗಾಳದ ದಾರ ಕಾಲಿಗೆ ಸುತ್ತಿಕೊಂಡು, 'ಉಸಿರು ಹಿಡಿದು ಬಿಡಿಸಿಕೊಳ್ಳುತ್ತೇನೆ' ಎಂದುಕೊಳ್ಳುವವರು ನೆನಪಿಡಬೇಕಾದ ಸಂಗತಿ ಇದು. ಜೊತೆಗೆ ಚರ್ಮದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ರಕ್ತದೊತ್ತಡ ಏರುತ್ತದೆ, ಎದೆಬಡಿತ ಓಡುತ್ತದೆ. ಮುಖ ನೀರಿನಲ್ಲಿ ಮುಳುಗಿದರೆ ಮಾತ್ರ ಮೈಯ ಇನ್ನೊಂದು ಸಹಜ ಗುಣ ಎದ್ದು ಹೃದಯಕ್ಕೆ 'ನಿಧಾನ' ಎನ್ನುತ್ತದೆ. ಒಬ್ಬರು ಓಡು ಎಂದು, ಇನ್ನೊಬ್ಬರು ನಿಲ್ಲು ಎಂದು ಹೇಳಿದಂತೆ. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಮತ್ತು ಅವರ ಸಹೋದ್ಯೋಗಿ 2012ರಲ್ಲಿ ವಿವರಿಸಿದಂತೆ, ಈ ಜಗ್ಗಾಟದಲ್ಲಿ ಎದೆಬಡಿತದ ಲಯ ತಪ್ಪಬಹುದು. ಹೃದಯದ ತೊಂದರೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು.

ಒಳ್ಳೆಯ ಸುದ್ದಿಯೆಂದರೆ ಈ ಆರ್ಭಟ ಮೊದಲ ಮೂವತ್ತು ಸೆಕೆಂಡಿನಲ್ಲಿ ಜೋರಾಗಿದ್ದು, ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಒಂದೇ: ಏನನ್ನೂ ಮಾಡದಿರುವುದು. ಈಜಬೇಡಿ, ಗಾಳದ ಕೋಲು ಹುಡುಕಬೇಡಿ. ಬಾಯಿ ನೀರಿನಿಂದ ಮೇಲಿರಲಿ, ತಲೆ ಹಿಂದಕ್ಕೆ ಚೆಲ್ಲಿ ತೇಲಿ, ಕಯಾಕ್ ಕೈಗೆ ಸಿಕ್ಕರೆ ಹಿಡಿದುಕೊಳ್ಳಿ, ಉಸಿರನ್ನು ನಿಧಾನವಾಗಿ ಹೊರಬಿಡುವುದರ ಮೇಲೆ ಗಮನವಿಡಿ. ಬ್ರಿಟನ್ನಿನ ಜೀವರಕ್ಷಕ ದೋಣಿ ಸಂಸ್ಥೆ ಆರ್‌ಎನ್‌ಎಲ್‌ಐ ಜನರಿಗೆ ಹೇಳುತ್ತಾ ಬಂದಿರುವುದೂ ಇದನ್ನೇ: ಮೊದಲು ತೇಲಿ.

ಮೈಯನ್ನು ಇದಕ್ಕೆ ಸ್ವಲ್ಪ ಮಟ್ಟಿಗೆ ಒಗ್ಗಿಸಲೂ ಬಹುದು. ಐದಾರು ಬಾರಿ, ಪ್ರತಿ ಸಲ ಎರಡು–ಮೂರು ನಿಮಿಷ, ಮೇಲ್ವಿಚಾರಣೆಯಲ್ಲಿ ತಣ್ಣೀರಿಗಿಳಿದವರಲ್ಲಿ ಈ ಆಘಾತ ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಹಾಗೆ ಒಗ್ಗುವುದು ಉಸಿರು ಮಾತ್ರ. ಬೆರಳುಗಳು ಒಗ್ಗುವುದಿಲ್ಲ.

ಮುಂದಿನ ಹತ್ತು ನಿಮಿಷ: ಕೈ

ಚಳಿ ತಾಗಿದ ಕೂಡಲೇ ಮೈ ಒಂದು ಲೆಕ್ಕ ಹಾಕುತ್ತದೆ. ಹೃದಯ, ಮೆದುಳು, ಒಳಾಂಗಗಳು ಮುಖ್ಯ, ಕೈಕಾಲು ಆಮೇಲೆ. ರಕ್ತ ಒಳಕ್ಕೆ ಸರಿಯುತ್ತದೆ. ತೋಳಿನ ಸ್ನಾಯು ಮತ್ತು ನರ ಚರ್ಮಕ್ಕೆ ಹತ್ತಿರವಿರುವುದರಿಂದ ಬೇಗ ತಣ್ಣಗಾಗುತ್ತವೆ. ನರದ ಸಂದೇಶ ನಿಧಾನವಾಗುತ್ತದೆ, ಸ್ನಾಯು ಸೆಟೆದುಕೊಳ್ಳುತ್ತದೆ, ಮೊದಲು ಬೆರಳು, ಆಮೇಲೆ ಮುಂಗೈ, ಆಮೇಲೆ ತೋಳು.

ಇನ್ನು ನೀರಿಗೆ ಬಿದ್ದ ಮೇಲೆ ಬೆರಳಿನಿಂದ ಮಾಡಬೇಕೆಂದುಕೊಂಡಿದ್ದ ಕೆಲಸಗಳನ್ನು ನೆನೆಯಿರಿ. ಸೀಟಿನ ಹಿಂದಿನ ಲೈಫ್ ಜಾಕೆಟ್ ಎಳೆದು, ತೋಳು ತೂರಿಸಿ, ಬಕಲ್ ಹಾಕುವುದು. ಜಿಪ್ ಎಳೆಯುವುದು. ಫೋನ್ ಪೌಚ್ ಬಿಚ್ಚಿ ಒದ್ದೆ ಪರದೆಯ ಮೇಲೆ ನಂಬರ್ ಒತ್ತುವುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎನ್ನುತ್ತೇವಲ್ಲ, ಇಲ್ಲಿ ತೋಡಲು ಕೈಯೂ ಇರುವುದಿಲ್ಲ. ತಣ್ಣೀರಿನ ಸುರಕ್ಷತೆಯ ಬಹುಪಾಲು ನಿಯಮಗಳು ಈ ಒಂದು ಸಂಗತಿಯಿಂದ ಹುಟ್ಟಿದವು: ಬೆರಳು ಬೇಕಾಗುವ ಕೆಲಸವೆಲ್ಲ ದಡದಲ್ಲೇ ಮುಗಿದಿರಬೇಕು.

ಒಳ್ಳೆಯ ಈಜುಗಾರರೂ ದಡದಿಂದ ಕೆಲವೇ ಮೀಟರ್ ದೂರದಲ್ಲಿ ಮುಳುಗಿಹೋಗುವುದು ಈ ಹಂತದಲ್ಲೇ. ತೋಳು ಸೋಲುತ್ತಾ ಬಂದಂತೆ ಮೈ ಅಡ್ಡವಾಗಿ ನಿಲ್ಲದೆ ನೆಟ್ಟಗಾಗುತ್ತದೆ, ಕಾಲು ಕೆಳಗಿಳಿಯುತ್ತದೆ, ಹೊಡೆತ ಚಿಕ್ಕದಾಗುತ್ತದೆ. ಈಜುಕೊಳದಲ್ಲಿ ಒಂದು ಕಿಲೋಮೀಟರ್ ಈಜುತ್ತೇನೆ ಎಂಬ ಲೆಕ್ಕ ಇಲ್ಲಿಗೆ ತಂದರೆ ಉಪಯೋಗವಿಲ್ಲ.

ಒಂದು ಗಂಟೆ: ಒಳಮೈ

ಇದರ ನಂತರವೇ ಎಲ್ಲರಿಗೂ ಹೆಸರು ಗೊತ್ತಿರುವ ಹೈಪೋಥರ್ಮಿಯ. ಸಾಮಾನ್ಯವಾಗಿ 37 ಡಿಗ್ರಿಯ ಆಸುಪಾಸಿನಲ್ಲಿರುವ ಒಳಮೈ ಉಷ್ಣತೆ 35ಕ್ಕಿಂತ ಕೆಳಗಿಳಿಯುವುದು. 35ರಿಂದ 32ರವರೆಗೆ ಜೋರು ನಡುಕ, ತೊದಲು ಮಾತು, ಎಡವಟ್ಟು ತೀರ್ಮಾನ. 32ರ ಕೆಳಗೆ ನಡುಕ ಕ್ರಮೇಣ ನಿಲ್ಲುತ್ತದೆ. ನಡುಕ ನಿಂತಿತೆಂದರೆ ಸುಧಾರಿಸಿಕೊಂಡರು ಎಂದು ತಿಳಿಯಬೇಡಿ, ಮೈ ತನ್ನ ಒಲೆಯನ್ನು ಆರಿಸುತ್ತಿದೆ ಎಂದರ್ಥ. 28ಕ್ಕಿಂತ ಕೆಳಗೆ ಹೃದಯ ಯಾವ ಕ್ಷಣ ಲಯ ತಪ್ಪುತ್ತದೋ ಹೇಳಲಾಗದು.

1912ರ ಏಪ್ರಿಲ್ 15ರ ನಸುಕಿನಲ್ಲಿ ಟೈಟಾನಿಕ್ ಮುಳುಗಿದಾಗ ನೀರು ಸುಮಾರು ಮೈನಸ್ 2 ಡಿಗ್ರಿ ಇತ್ತು, ಸಮುದ್ರ ಶಾಂತವಾಗಿತ್ತು. ಲೈಫ್ ಬೆಲ್ಟ್ ಕಟ್ಟಿಕೊಂಡು ತೇಲುತ್ತಿದ್ದ ನೂರಾರು ಜನ ಬದುಕಲಿಲ್ಲ. ತೇಲುವುದು ಬೇಕೇ ಬೇಕು, ಆದರೆ ಅದೊಂದೇ ಸಾಲದು.

ಶಾಖ ಉಳಿಸಿಕೊಳ್ಳುವ ದಾರಿ ಎಂದರೆ ಆದಷ್ಟು ನೀರಿನಿಂದ ಹೊರಗಿರುವುದು. ಕವುಚಿದ ಕಯಾಕ್ ಮೇಲೆ ಎದೆ ಒರಗಿಸಿ ಮಲಗಿದರೂ ಸರಿ. ಅದೂ ಆಗದಿದ್ದರೆ ಮಂಡಿ ಎದೆಗೆ ಮಡಚಿ, ತೋಳು ಪಕ್ಕೆಗೊತ್ತಿ ಮುದುಡಿಕೊಳ್ಳುವುದು. ಕಂಕುಳು, ಪಕ್ಕೆ, ತೊಡೆಸಂದಿಯಿಂದ ಶಾಖ ಬೇಗ ಸೋರುವುದರಿಂದ ಈ ಭಂಗಿ. ಲೈಫ್ ಜಾಕೆಟ್ ಇಲ್ಲದೆ ಇದು ಸಾಧ್ಯವಿಲ್ಲ. ಮೈ ಬೆಚ್ಚಗಾಗಲೆಂದು ಈಜಿದರೆ ಮಾತ್ರ ತದ್ವಿರುದ್ಧ ಫಲ, ಕೈಕಾಲಿಗೆ ರಕ್ತ ಹರಿದು ಶಾಖ ಇನ್ನೂ ಬೇಗ ಹೋಗುತ್ತದೆ. ದಡ ನಿಜಕ್ಕೂ ಹತ್ತಿರವಿಲ್ಲದಿದ್ದರೆ ದೋಣಿ ಬಿಡಬೇಡಿ. ಹುಡುಕುವವರ ಕಣ್ಣಿಗೆ ಒಂದು ತಲೆ ಕಾಣುವುದಿಲ್ಲ, ಒಂದು ಕಯಾಕ್ ಕಾಣುತ್ತದೆ.

ಲೈಫ್ ಜಾಕೆಟ್: ಇರುವುದಲ್ಲ, ತೊಟ್ಟಿರುವುದು

ಅಮೆರಿಕದ ಕೋಸ್ಟ್ ಗಾರ್ಡ್ ಪ್ರತಿ ವರ್ಷ ಮೋಜಿನ ದೋಣಿಗಳ ಅಪಘಾತದ ಲೆಕ್ಕ ಪ್ರಕಟಿಸುತ್ತದೆ. ಮುಳುಗಿ ಸತ್ತವರಲ್ಲಿ ಲೈಫ್ ಜಾಕೆಟ್ ತೊಡದವರ ಪಾಲು ವರ್ಷ ವರ್ಷವೂ ನೂರಕ್ಕೆ ಎಂಬತ್ತು ದಾಟುತ್ತದೆ. ಮೊದಲ ನಿಮಿಷದ ಉಸಿರಿನ ಕಥೆ ಓದಿದ ಮೇಲೆ ಈ ಅಂಕಿ ಆಶ್ಚರ್ಯ ತರುವುದಿಲ್ಲ. ಬಾಯಿ ನೀರಿನ ಮೇಲಿರುವಂತೆ ನೋಡಿಕೊಳ್ಳುವ ಕೆಲಸವನ್ನು ಅದು ನಮ್ಮ ಕೈಗೆ ಬಿಡದೆ ತಾನೇ ಮಾಡುತ್ತದೆ.

ಕಯಾಕ್‌ನವರು ಹೆಚ್ಚಾಗಿ ತೊಡುವುದು ಫೋಮ್ ತುಂಬಿದ, ತೋಳು ಆಡಿಸಲು ಅಡ್ಡಿಯಾಗದ ಜಾಕೆಟ್. ಗಾಳಿ ತುಂಬಿಕೊಳ್ಳುವ ಬಗೆಯವು ಹಗುರ, ಬಿಸಿಲಿಗೆ ಹಿತ. ಆದರೆ ಕೆಲವನ್ನು ಕೈಯಿಂದ ಎಳೆದೇ ಉಬ್ಬಿಸಬೇಕು, ತಾನಾಗಿ ಉಬ್ಬುವವಕ್ಕೂ ಸಿಲಿಂಡರ್ ಸರಿಯಿರಬೇಕು, ಉಬ್ಬಿದ ಮೇಲೆ ಎದೆಯ ಮುಂದಿನ ಗುಡ್ಡ ಕಯಾಕ್ ಹತ್ತಲು ತೊಡಕು. ತಣ್ಣೀರಿಗೆ ಫೋಮೇ ಮೇಲು. ಮೀನು ಹಿಡಿಯುವವರಿಗೆಂದೇ ಬೆನ್ನಿನ ಫೋಮ್ ಎತ್ತರದಲ್ಲಿರುವ ಜಾಕೆಟ್‌ಗಳಿವೆ. ಸೀಟಿಗೆ ಒರಗಿದರೆ ಚುಚ್ಚುವುದಿಲ್ಲ, ಹಾಗಾಗಿ ಬಿಚ್ಚಿಡುವ ಮನಸ್ಸಾಗುವುದಿಲ್ಲ. ತೊಟ್ಟು, ಪಟ್ಟಿ ಬಿಗಿದು, ಯಾರಿಂದಲಾದರೂ ಭುಜದ ಬಳಿ ಮೇಲಕ್ಕೆ ಎಳೆಸಿ ನೋಡಿ. ಕಿವಿಯವರೆಗೆ ಬಂದರೆ ಅಳತೆ ಸರಿಯಿಲ್ಲ.

ಗಾಳಿಗಲ್ಲ, ನೀರಿಗೆ ತಕ್ಕ ಬಟ್ಟೆ

ಹತ್ತಿಯ ಬಟ್ಟೆ ಒದ್ದೆಯಾದರೆ ಮೈಗಂಟಿ ಶಾಖ ಹೀರುತ್ತದೆ. ಜೀನ್ಸ್ ಅಂತೂ ಬೇಡವೇ ಬೇಡ. ವೆಟ್‌ಸೂಟ್ ನಿಯೋಪ್ರೀನ್ ಎಂಬ, ಸಣ್ಣ ಗುಳ್ಳೆಗಳು ತುಂಬಿದ ರಬ್ಬರಿನದು. ಒಳಗೆ ಸ್ವಲ್ಪ ನೀರು ಬಂದರೂ ಅದು ಅಲ್ಲೇ ನಿಂತು ಮೈಬಿಸಿಗೆ ಬೆಚ್ಚಗಾಗುತ್ತದೆ. ಬೆಲೆ ಕಡಿಮೆ, ಬಾಳಿಕೆ ಹೆಚ್ಚು, ಗಾಳದ ಮುಳ್ಳು ಚುಚ್ಚಿದರೂ ಕೆಡುವುದಿಲ್ಲ. ಗಂಟೆಗಟ್ಟಲೆ ಅಲುಗಾಡದೆ ಕೂರುವವರಿಗೆ ಮಾತ್ರ ಅದು ಒದ್ದೆಯಾದರೆ ಗಾಳಿಗೆ ಚಳಿ ಹಿಡಿಸುತ್ತದೆ.

ಡ್ರೈಸೂಟ್ ನೀರನ್ನೇ ಒಳಬಿಡದ ಚೀಲದಂಥ ಉಡುಪು. ಕುತ್ತಿಗೆ ಮತ್ತು ಮಣಿಕಟ್ಟಿನಲ್ಲಿ ಬಿಗಿ ರಬ್ಬರ್ ಪಟ್ಟಿ, ನೀರು ತೂರದ ಜಿಪ್. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಡ್ರೈಸೂಟ್ ಒಣಗಿಡುತ್ತದೆ, ಬೆಚ್ಚಗಿಡುವುದಿಲ್ಲ. ಬೆಚ್ಚಗಿಡುವುದು ಅದರೊಳಗೆ ತೊಟ್ಟ ಉಣ್ಣೆಯ ಅಥವಾ ಫ್ಲೀಸ್‌ನ ಪದರ. ನೀರಿಗಿಳಿಯುವ ಮುನ್ನ ಕುಕ್ಕರುಗಾಲಿನಲ್ಲಿ ಕೂತು, ಕುತ್ತಿಗೆಯ ಪಟ್ಟಿಯನ್ನು ಬೆರಳಿನಿಂದ ಸರಿಸಿ ಒಳಗಿನ ಗಾಳಿ ಹೊರಹಾಕಬೇಕು, ಇಲ್ಲದಿದ್ದರೆ ಬಲೂನಿನಂತೆ ಉಬ್ಬಿ ಕೈಕಾಲು ಆಡದು. ಮೂತ್ರಕ್ಕೆ ಪ್ರತ್ಯೇಕ ಜಿಪ್ ಇರುವುದನ್ನೇ ಆರಿಸುವುದು ಜಾಣತನ. ಚಳಿಗೆ ರಕ್ತ ಒಳಕ್ಕೆ ಸರಿದಾಗ ಮೂತ್ರಪಿಂಡ ಹೆಚ್ಚು ಕೆಲಸ ಮಾಡುತ್ತದೆ, ಅದನ್ನು ತಪ್ಪಿಸಲೆಂದು ನೀರು ಕುಡಿಯದೆ ಕೂರುವುದು ಇನ್ನೊಂದು ತೊಂದರೆ. ನೀರಡಿಸಿದ ಮೈಗೆ ಶಾಖ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ.

ನೀರಿನಲ್ಲಿ ನಿಂತು ಗಾಳ ಹಾಕುವವರು ತೊಡುವ, ಪಾದದಿಂದ ಎದೆವರೆಗಿನ ನೀರು ತೂರದ ಉಡುಪಾದ ವೇಡರ್ ತೊಟ್ಟು ಕಯಾಕ್ ಹತ್ತುವವರೂ ಇದ್ದಾರೆ. ವೇಡರ್‌ಗೆ ನೀರು ತುಂಬಿದರೆ ಕಲ್ಲಿನಂತೆ ತಳಕ್ಕೆ ಎಳೆಯುತ್ತದೆ ಎಂಬುದು ನಿಜವಲ್ಲ, ನೀರಿನೊಳಗೆ ನೀರಿಗೆ ಭಾರವಿಲ್ಲ. ತೊಂದರೆ ಮೇಲೆ ಹತ್ತುವಾಗ. ಕಾಲಿನಲ್ಲಿ ತುಂಬಿದ ನೀರನ್ನೆಲ್ಲ ಹೊತ್ತು ಮೈ ಎತ್ತಬೇಕು, ಒಳಗಿನ ಬಟ್ಟೆಯೂ ತೊಯ್ದಿರುತ್ತದೆ. ಸೊಂಟದ ಬೆಲ್ಟ್ ಬಿಗಿದರೆ ಒಳನುಗ್ಗುವ ನೀರು ಕಡಿಮೆಯಾಗುತ್ತದೆ, ಆದರೆ ಅದು ಡ್ರೈಸೂಟ್‌ಗೆ ಬದಲಿಯಲ್ಲ.

'ಇಷ್ಟೆಲ್ಲ ತೊಟ್ಟರೆ ಬಿಸಿಲಿಗೆ ಬೆಂದುಹೋಗುತ್ತೇವೆ' ಎಂಬ ದೂರು ನ್ಯಾಯವಾದದ್ದೇ. ಅದಕ್ಕೆ ಮದ್ದು ಸುತ್ತಲೂ ಇದೆ. ಟೋಪಿಯನ್ನು ನೀರಿನಲ್ಲಿ ಅದ್ದಿ ಹಾಕಿಕೊಳ್ಳಿ, ಮುಂಗೈ ಮುಳುಗಿಸಿ. ಬಿಸಿಯಾದ ಮೈ ತಂಪಾಗಿಸುವುದು ಸುಲಭ, ತಣ್ಣಗಾದ ಮೈ ಕಾಯಿಸುವುದು ಕಷ್ಟ.

ಮೀನು ಹಿಡಿಯುವ ಕಯಾಕ್ ಮಗುಚುವುದು ಎಲ್ಲಿ?

ಈ ಕಯಾಕ್‌ಗಳು ಅಗಲ, ಸುಮ್ಮನೆ ಕೂತರೆ ಗಟ್ಟಿ. ಮಗುಚುವುದು ಮನುಷ್ಯ ಬಾಗಿದಾಗ. ಬಲೆಗೆ ಸಿಕ್ಕದ ಮೀನಿಗೆ ಕೈಚಾಚುವುದು, ಹಿಂದಿನ ಡಬ್ಬಿಗಾಗಿ ಪೂರ್ತಿ ತಿರುಗುವುದು, ತಳಕ್ಕೆ ಸಿಕ್ಕಿಕೊಂಡ ಗಾಳವನ್ನು ಪಕ್ಕದಿಂದ ಜಗ್ಗುವುದು. ಜಗ್ಗಿದ ದಾರ ಥಟ್ಟನೆ ಬಿಟ್ಟುಕೊಂಡರೆ ಮೈಭಾರ ಎದುರು ಬದಿಗೆ ಎಸೆಯಲ್ಪಡುತ್ತದೆ. ಎತ್ತರದ ಸೀಟು ನೋಡಲು ಚೆನ್ನ, ಆದರೆ ಭಾರವೂ ಎತ್ತರಕ್ಕೇರುತ್ತದೆ. ಮೂಗು ದೋಣಿಯ ಅಂಚು ದಾಟದಿರಲಿ ಎಂಬುದು ಒಳ್ಳೆಯ ಅಳತೆಗೋಲು, ತಲೆ ಹೋದತ್ತ ಮೈ ಹೋಗುತ್ತದೆ.

ಲಂಗರು ಇದಕ್ಕಿಂತ ದೊಡ್ಡ ವಿಷಯ. ಹರಿವಿರುವ ನೀರಿನಲ್ಲಿ ದೋಣಿಯ ಪಕ್ಕೆಗೆ ಲಂಗರಿನ ಹಗ್ಗ ಕಟ್ಟಿದರೆ ಹರಿವು ದೋಣಿಯನ್ನು ಅಡ್ಡ ತಿರುಗಿಸಿ, ಹಗ್ಗ ಒಂದು ಅಂಚನ್ನು ಕೆಳಗೆಳೆದು ಕ್ಷಣದಲ್ಲಿ ಕವುಚುತ್ತದೆ. ಹಗ್ಗ ಎಳೆಯಬೇಕಾದದ್ದು ಮುಂತುದಿಯಿಂದ ಅಥವಾ ಹಿಂತುದಿಯಿಂದ. ಕೂತಲ್ಲಿಂದಲೇ ಹಗ್ಗವನ್ನು ತುದಿಗೆ ಸರಿಸುವ ರಾಟೆಯ ವ್ಯವಸ್ಥೆ ಇರುವುದು ಅದಕ್ಕೇ. ಒಂದೇ ಎಳೆತಕ್ಕೆ ಬಿಟ್ಟುಕೊಳ್ಳುವ ಗಂಟು, ಹಗ್ಗದ ಕೊನೆಗೊಂದು ತೇಲುಬುರುಡೆ, ಜಾಕೆಟ್‌ನ ಎದೆಯ ಮೇಲೆ ಚಾಕು ಇರಲಿ. ಲಂಗರು ಕಳೆದುಕೊಳ್ಳಲು ಮನಸ್ಸಿಲ್ಲದೆ ದೋಣಿ ಕಳೆದುಕೊಳ್ಳಬಾರದು. ರಭಸದ ಹೊಳೆಯಲ್ಲಿ ಲಂಗರೇ ಬೇಡ.

ಗಾಳದ ಕೋಲು ನೀರುಪಾಲಾಗದಿರಲೆಂದು ಎಲ್ಲಕ್ಕೂ ದಾರ ಕಟ್ಟುವ ಅಭ್ಯಾಸವಿದೆ. ಮಗುಚಿದಾಗ ಅದೇ ಬಲೆಯಾಗುತ್ತದೆ. ಉದ್ದ ದಾರ ಬೇಡ, ಕಡಿಮೆ ಸಾಮಾನು ಒಳ್ಳೆಯದು.

ಗಾಳಿಯ ವಿಷಯದಲ್ಲಿ ಒಂದು ಮಾತು. ದಡದಿಂದ ಆಚೆಗೆ ಬೀಸುವ ಗಾಳಿ ದಡದ ಬಳಿ ತಿಳಿಯುವುದೇ ಇಲ್ಲ, ಮರ, ದಿಬ್ಬಗಳ ಮರೆಯಲ್ಲಿ ನೀರು ಶಾಂತ. ದೂರ ಹೋದಂತೆ ತಳ್ಳಿಕೊಂಡು ಹೋಗುತ್ತದೆ, ಹಿಂದಿರುಗುವಾಗ ಎದುರಾಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಉಬ್ಬರವಿಳಿತದ ಹರಿವು ಒಂದು ಕಡೆ, ಗಾಳಿ ಎದುರು ಕಡೆಯಾದರೆ ಅಲೆಗಳು ಕಡಿದಾಗಿ ಏಳುತ್ತವೆ. ಹೊರಡುವ ಮುನ್ನ ನೋಡಬೇಕಾದದ್ದು ಈಗಿನ ಗಾಳಿಯನ್ನಲ್ಲ, ಮರಳುವ ಹೊತ್ತಿನದನ್ನು.

ಮತ್ತೆ ಹತ್ತುವುದು

ಬಿದ್ದ ಮೇಲೆ ಹತ್ತು ನಿಮಿಷದ ಕೈ ಇದೆ ಎಂದೆವಲ್ಲ, ಅದನ್ನು ಖರ್ಚು ಮಾಡಬೇಕಾದದ್ದು ಇದಕ್ಕೆ. ಉಸಿರು ಹಿಡಿತಕ್ಕೆ ಬಂದ ಮೇಲೆ ಕವುಚಿದ ಕಯಾಕ್‌ನ ತಳದ ಮೇಲೆ ಒರಗಿ, ಆಚೆ ಬದಿಯ ಅಂಚನ್ನೋ ಹಿಡಿಯನ್ನೋ ಹಿಡಿದು ಹಿಂದಕ್ಕೆ ಬೀಳಿ, ಅದು ಸೀದಾ ಆಗುತ್ತದೆ. ಅಗಲದ ದೋಣಿಗೆ ಕೈ ಎಟುಕದಿದ್ದರೆ ಮೊದಲೇ ಕಟ್ಟಿಟ್ಟ ಒಂದು ಪಟ್ಟಿ ಬೇಕು. ಈಗ ನೇರ ಮೇಲಕ್ಕೆ ಜಿಗಿಯಲು ಹೋಗಬೇಡಿ, ಕಾಲು ದೋಣಿಯಡಿಗೆ ತೂರಿ ಮತ್ತೆ ಮಗುಚುತ್ತದೆ. ಕಾಲುಗಳನ್ನು ಹಿಂದೆ ನೀರಿನ ಮೇಲ್ಮಟ್ಟಕ್ಕೆ ತಂದು ಜೋರಾಗಿ ಬಡಿಯುತ್ತಾ, ದೋಣಿಯನ್ನು ನಿಮ್ಮಡಿಗೆ ಎಳೆದುಕೊಳ್ಳಿ. ಮೊದಲು ಹೊಟ್ಟೆ ಅಡ್ಡಲಾಗಿ, ಆಮೇಲೆ ಹೊರಳಿ ಕುಂಡಿ ಸೀಟಿಗೆ, ಕೊನೆಗೆ ಕಾಲು. ತೋಳಿನ ಬಲ ಸಾಲದವರಿಗೆ ಕಾಲಿಡಲು ಪಟ್ಟಿಯ ಕುಣಿಕೆ ನೆರವಾಗುತ್ತದೆ.

ಓದಿದರೆ ಸರಳ. ಕೋಲು ನಿಲ್ಲಿಸುವ ಕೊಳವೆ, ಯಂತ್ರದ ಪರದೆ, ಡಬ್ಬಿಗಳು ತುಂಬಿದ ದೋಣಿಗೆ ಹೊಟ್ಟೆಯೆಳೆದು ಹತ್ತಿ ನೋಡಿದಾಗಲೇ ಗೊತ್ತಾಗುವುದು ಯಾವುದು ಎಲ್ಲಿ ತಡೆಯುತ್ತದೆಂದು. ಬೆಚ್ಚಗಿನ ನೀರಿನಲ್ಲಿ, ಎದೆಮಟ್ಟದ ಆಳದಲ್ಲಿ, ಜೊತೆಗೊಬ್ಬರಿದ್ದಾಗ ಅಭ್ಯಾಸ ಮಾಡಿ. ಆಮೇಲೆ ಪೂರ್ತಿ ಉಡುಪು ತೊಟ್ಟು, ಪೂರ್ತಿ ಸಾಮಾನಿನೊಂದಿಗೆ ಮತ್ತೊಮ್ಮೆ. ಹತ್ತಲಾಗದಿದ್ದರೆ ಆ ದೋಣಿಯಲ್ಲಿ ತಣ್ಣೀರಿಗೆ ಹೋಗುವ ಕಾಲ ಇನ್ನೂ ಬಂದಿಲ್ಲ.

ನೆರವು ಕರೆಯುವುದು

ಕಯಾಕ್‌ನಲ್ಲಿಟ್ಟ ಸಾಧನ ಕಯಾಕ್‌ನೊಂದಿಗೆ ತೇಲಿಹೋಗುತ್ತದೆ. ಸೀಟಿ, ರೇಡಿಯೊ, ದೀಪ ಮೈಮೇಲೇ ಇರಬೇಕು. ಕಡಲಿನಲ್ಲಿ ವಿಎಚ್ಎಫ್ ರೇಡಿಯೊದ ಚಾನೆಲ್ 16 ಅಪಾಯದ ಕರೆಗೆ ಮೀಸಲು. ಫೋನ್‌ಗೆ ಹೋಲಿಸಿದರೆ ಇದರ ಲಾಭವೆಂದರೆ ಒಂದು ಗುಂಡಿ ಒತ್ತಿ ಮಾತಾಡಿದರೆ ಸುತ್ತಲಿನ ಎಲ್ಲ ದೋಣಿಗಳಿಗೂ ಕೇಳುತ್ತದೆ. ಅದರ ವ್ಯಾಪ್ತಿಯೂ ಸಿಗದ ಕಡೆಗೆ ವೈಯಕ್ತಿಕ ಬೀಕನ್ ಇದೆ. ಚಾಲೂ ಮಾಡಿದರೆ 406 ಮೆಗಾಹರ್ಟ್ಸ್‌ನಲ್ಲಿ ಕೋಸ್ಪಸ್–ಸಾರ್ಸ್ಯಾಟ್ ಉಪಗ್ರಹಗಳಿಗೆ ಸಂಕೇತ ಹೋಗಿ, ಅಲ್ಲಿಂದ ರಕ್ಷಣಾ ಕೇಂದ್ರಕ್ಕೆ ತಲುಪುತ್ತದೆ. 1982ರಿಂದ ಜೀವ ಉಳಿಸುತ್ತಿರುವ ಅಂತರರಾಷ್ಟ್ರೀಯ ವ್ಯವಸ್ಥೆ ಅದು.

ಯಾವ ಬ್ಯಾಟರಿಯೂ ಬೇಡದ ಒಂದು ಉಪಾಯವೂ ಉಂಟು. ಎಲ್ಲಿ ಇಳಿಯುತ್ತೀರಿ, ಎತ್ತ ಹೋಗುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ, ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ದಡದಲ್ಲಿರುವ ಒಬ್ಬರಿಗೆ ಬರೆದುಕೊಟ್ಟು ಹೋಗುವುದು. 'ಸಂಜೆ ಬರುತ್ತೇನೆ' ಎಂದರೆ ಸಾಲದು. ಸಂಜೆ ಎಂದರೆ ಐದೋ ಎಂಟೋ?

ಮೇಲೆತ್ತಿದ ಮೇಲೆ

ನೀರಿನಿಂದ ಹೊರಬಂದ ಕೂಡಲೇ ಅಪಾಯ ಮುಗಿಯುವುದಿಲ್ಲ. ನೀರು ಕಾಲು, ಹೊಟ್ಟೆಗಳನ್ನು ಸುತ್ತಲಿಂದ ಒತ್ತಿ ರಕ್ತವನ್ನು ಎದೆಯ ಕಡೆಗೆ ದೂಡುತ್ತಿರುತ್ತದೆ. ನೆಟ್ಟಗೆ ಮೇಲೆತ್ತಿದಾಗ ಆ ಒತ್ತಡ ಒಮ್ಮೆಲೇ ಹೋಗಿ, ರಕ್ತ ಕಾಲಿಗಿಳಿದು, ಸುಸ್ತಾದ ಹೃದಯ ಕುಸಿಯಬಹುದು. ಬಹಳ ಹೊತ್ತು ನೀರಿನಲ್ಲಿದ್ದವರನ್ನು ಆದಷ್ಟು ಅಡ್ಡಲಾಗಿಯೇ ಎತ್ತಿ ಮಲಗಿಸಬೇಕು, ನಡೆಸಬಾರದು. ಒದ್ದೆ ಬಟ್ಟೆ ಬೇಕಾದರೆ ಕತ್ತರಿಸಿ ತೆಗೆದು, ಒಣ ಹೊದಿಕೆ ಸುತ್ತಿ, ನೆಲದಿಂದಲೂ ಚಳಿ ತಾಗದಂತೆ ಕೆಳಗೆ ಏನಾದರೂ ಹಾಸಬೇಕು. ಬಿಸಿ ಕೊಡುವುದಾದರೆ ಎದೆ ಮತ್ತು ಕಂಕುಳಿಗೆ, ಅದೂ ಬಟ್ಟೆಯ ಮೇಲಿಂದ. ಕೈಕಾಲು ತಿಕ್ಕಬೇಡಿ, ಅಲ್ಲಿನ ತಣ್ಣನೆ ರಕ್ತ ಒಳಕ್ಕೆ ಬರುತ್ತದೆ. ಮದ್ಯ ಕೂಡದು, ಅದು ಚರ್ಮದ ರಕ್ತನಾಳ ಹಿಗ್ಗಿಸಿ ಬೆಚ್ಚಗಾದ ಭ್ರಮೆ ಹುಟ್ಟಿಸಿ ಉಳಿದ ಶಾಖವನ್ನೂ ಕಳೆಯುತ್ತದೆ. ಪೂರ್ತಿ ಎಚ್ಚರವಿದ್ದು, ನುಂಗಬಲ್ಲವರಿಗೆ ಸಿಹಿಯಾದ ಬಿಸಿ ಪಾನೀಯ ಕೊಡಬಹುದು. ನೀರು ಉಸಿರಿಗೆ ಹೋಗಿ ಕೆಮ್ಮುತ್ತಿರುವವರನ್ನು ಚೆನ್ನಾಗಿದ್ದಾರೆಂದು ಮನೆಗೆ ಕಳಿಸದೆ ವೈದ್ಯರಿಗೆ ತೋರಿಸಿ, ಶ್ವಾಸಕೋಶದ ತೊಂದರೆ ಗಂಟೆಗಳು ಕಳೆದ ಮೇಲೂ ಬಿಗಡಾಯಿಸಬಹುದು.

ಉಸಿರೇ ಇಲ್ಲದಂತೆ ಕಂಡರೂ ಎದೆ ಒತ್ತಿ, ಉಸಿರು ಊದಿ ಮಾಡುವ ಪುನಶ್ಚೇತನ ನಿಲ್ಲಿಸಬಾರದು ಎಂದು ವೈದ್ಯರು ಹೇಳುವುದಕ್ಕೆ ಕಾರಣವಿದೆ. ತಣ್ಣಗಾದ ಮೆದುಳಿಗೆ ಆಮ್ಲಜನಕ ಬಹಳ ಕಡಿಮೆ ಸಾಕು. 1999ರ ಮೇ ತಿಂಗಳಲ್ಲಿ ನಾರ್ವೆಯಲ್ಲಿ ಸ್ಕೀ ಮಾಡುತ್ತಿದ್ದ ಆನಾ ಬೋಗೆನ್‌ಹೋಲ್ಮ್ ಎಂಬ ಯುವ ವೈದ್ಯೆ ಹೆಪ್ಪುಗಟ್ಟಿದ ತೊರೆಯೊಳಕ್ಕೆ ಬಿದ್ದು ಸುಮಾರು 80 ನಿಮಿಷ ಮಂಜಿನಡಿ ಸಿಕ್ಕಿಕೊಂಡಿದ್ದರು. ಅಲ್ಲಿ ಸಿಕ್ಕ ಒಂದು ಗಾಳಿಯ ಪೊಟರೆಯಲ್ಲಿ ಮೊದಲ 40 ನಿಮಿಷ ಉಸಿರಾಡಿದ್ದರು. ಅವರ ಒಳಮೈ ಉಷ್ಣತೆ 13.7 ಡಿಗ್ರಿಗೆ ಇಳಿದಿತ್ತು, ಹೃದಯ ನಿಂತಿತ್ತು. ಟ್ರೋಮ್ಸೊದ ಆಸ್ಪತ್ರೆಯ ವೈದ್ಯರು ರಕ್ತವನ್ನು ಹೊರಗೆ ಹರಿಸಿ, ಕಾಯಿಸಿ ಮತ್ತೆ ಒಳಬಿಟ್ಟು ಗಂಟೆಗಳ ಕಾಲ ಹೋರಾಡಿದರು. ಅವರು ಬದುಕಿದರು, ವೈದ್ಯ ವೃತ್ತಿಗೂ ಮರಳಿದರು. ಉಳಿದುಕೊಂಡ ಸಣ್ಣ ತೊಂದರೆ ಕೈಕಾಲಿನ ನರಗಳಲ್ಲಿ ಮಾತ್ರ.